ಹನ್ನೊಂದು ಹಸಿರು ಬನಿಯನ್ನು

ನನ್ನ ತಮ್ಮನನ್ನು ಊರಿನವರೆಲ್ಲ ಪೆಟ್ಟಿಗೆ ಅಂತಲೇ ಕರೆಯುವುದು. ಹದಿನೆಂಟು ತುಂಬುವ ಮೊದಲೇ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಫುಟ್‌ಬಾಲ್ ಆಡುವುದಕ್ಕೆ ಅಂತ ಹೊರದೇಶಕ್ಕೆ ಹೋದವನು, ಹದಿನೇಳು ವರ್ಷದಲ್ಲಿ ಆರು ದೇಶ, ಒಂಬತ್ತು ತಂಡ ಸುತ್ತಿದ. ರಜೆಗೆ ಮನೆಗೆ ಬಂದರೂ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಮೇಲಿನ ಬಟ್ಟೆ ಎತ್ತಿ ಹಿಡಿದು ಕೆಳಗಿನದನ್ನು ಎಳೆದುಕೊಳ್ಳುತ್ತಿದ್ದ.

"ಏನೋ ಪೆಟ್ಟಿಗೆ, ಈ ಸಲ ಯಾವ ಬಣ್ಣದ ಅಂಗಿಯೋ?" ಅಂತ ಬೀದಿಯವರು ಕೇಳಿದರೆ, "ಕೊಟ್ಟಿದ್ದು ಹಾಕ್ಕೋತೀನಿ, ನಾನೇನು ಮದುಮಗನಾ ಆರಿಸೋಕೆ" ಅನ್ನುತ್ತಿದ್ದ.

ಅವನು ಆಡುತ್ತಿದ್ದದ್ದು ಹಿಂದೆ, ಎಡಗಡೆಯ ಮೂಲೆಯಲ್ಲಿ. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಎದುರಿನಿಂದ ಚೆಂಡು ತರುವವನಿಗೆ ದಾರಿ ಕೊಡದೆ, ಅವನಿಗೆ ತನ್ನ ಬದುಕೇ ಸಾಕು ಅನ್ನಿಸುವ ಹಾಗೆ ಬೇಸರ ಹಿಡಿಸುವುದು ಅವನ ಕೆಲಸ. ಹೀಗಾಗಿ ಪತ್ರಿಕೆಯಲ್ಲಿ ಅವನ ಚಿತ್ರ ಬಂದದ್ದು ಒಂದೇ ಸಲ, ಅದೂ ಮೊಣಕೈ ಮಾತ್ರ. ಗೋಲು ಹೊಡೆದವನು ಕೈ ಮೇಲೆತ್ತಿ ಕುಣಿಯುತ್ತಿದ್ದಾನೆ, ಅಂಚಿನಲ್ಲಿ ನಮ್ಮವನ ಮೊಣಕೈ. ಅಮ್ಮ ಅದನ್ನು ಕತ್ತರಿಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದಳು. ಬಂದವರಿಗೆಲ್ಲ, "ಈ ಗಾಯದ ಗುರುತು ನೋಡಿ, ಇದು ಇವನದ್ದೇ, ಚಿಕ್ಕವನಾಗಿದ್ದಾಗ ನಲ್ಲಿಕಟ್ಟೆ ಮೇಲೆ ಬಿದ್ದದ್ದು" ಅಂತ ಸಾಕ್ಷಿ ಸಮೇತ ತೋರಿಸುತ್ತಿದ್ದಳು.

ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು. ಆಗ ನನಗೆ ಓದು ಬರಹ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮುಗಿಸಿ, ದಾರಿಯಲ್ಲೇ ಇದ್ದ ಕ್ಷೌರದ ಅಂಗಡಿಗೆ ಹೋಗಿ ಕಾಗದ ಓದಿಸಿಕೊಳ್ಳುತ್ತಿದ್ದೆ. ಕ್ಷೌರದವನು ಒಳ್ಳೆಯವನು, ಆದರೆ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಓದಿ ಗೊತ್ತಿಲ್ಲ. ಕತ್ತರಿ ಕೈಯಲ್ಲೇ ಹಿಡಿದು, ಅರ್ಧ ಸೋಪು ಹಚ್ಚಿಸಿಕೊಂಡು ಕೂತ ಗಿರಾಕಿಯ ಮುಂದೆ, "ಕೇಳ್ರಪ್ಪಾ, ನಮ್ಮ ಪೆಟ್ಟಿಗೆ ಈ ಸಲ ಮೂರು ಜನಾನ ಒಂದೇ ಏಟಿಗೆ ಕೆಡವಿದ್ನಂತೆ" ಅಂತ ಓದುವನು. ಆಮೇಲೆ ನನಗೇ ಅನುಮಾನ ಬಂತು. ಒಂದು ಪುಟದ ಕಾಗದವನ್ನು ಎರಡು ಗಡ್ಡ ಮುಗಿಯುವಷ್ಟು ಹೊತ್ತು ಓದಿದರೆ ಯಾರಿಗೆ ಅನುಮಾನ ಬರುವುದಿಲ್ಲ? ಸಂಜೆ ಶಾಲೆಗೆ ಸೇರಿ, ಎರಡು ವರ್ಷಕ್ಕೆ ಅಕ್ಷರ ಕೂಡಿಸಿ ಓದುವಂತಾದೆ. ಆಮೇಲೆ ಹಳೆಯ ಕಾಗದಗಳನ್ನೆಲ್ಲ ತೆಗೆದು, ಮೊದಲಿನಿಂದ ಒಂದೊಂದೇ ಓದಿದೆ.

ಮೂರು ಜನರನ್ನು ಕೆಡವಿದ್ದೆಲ್ಲ ಎಲ್ಲೂ ಇರಲಿಲ್ಲ. ಆದರೆ ಒಂದು ಕಾಗದವಿತ್ತು. ಕ್ಷೌರದವನು ಅದನ್ನು ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕೊನೆಯವರೆಗೂ ಕಣ್ಣಲ್ಲೇ ಓದಿಕೊಂಡು, "ಅಲ್ಲಿ ಚಳಿ ಜಾಸ್ತಿಯಂತಕ್ಕ, ಇವನಿಗೆ ಸ್ವಲ್ಪ ಶೀತ ಅಂತೆ" ಅಂತ ಮಡಿಸಿ ಕೊಟ್ಟಿದ್ದ. ಅದರಲ್ಲಿ ಶೀತದ ಮಾತೇ ಇರಲಿಲ್ಲ.

ಅದರಲ್ಲಿ ಬರೆದಿದ್ದದ್ದು ಇಷ್ಟು. ಒಂದು ದೇಶದಲ್ಲಿ ಅವನು ಹಸಿರು ಅಂಗಿಯ ತಂಡದಲ್ಲಿ ನಾಲ್ಕು ವರ್ಷ ಆಡಿದ್ದ. ಬೇರೆಲ್ಲೂ ಅಷ್ಟು ದಿನ ಇದ್ದವನಲ್ಲ. ಆಮೇಲೆ ಅದೇ ದೇಶದ ಬಿಳಿ ಅಂಗಿಯ ತಂಡಕ್ಕೆ ಹೋದ. ಹೋದ ಮೂರನೆಯ ವಾರವೇ ಹಳೆಯ ಹಸಿರು ತಂಡದ ಮೇಲೆ ಪಂದ್ಯ. ಇಬ್ಬರು ಮೈಮೇಲೆ ಬಂದಾಗ, ತಲೆ ಬಗ್ಗಿಸಿಕೊಂಡು ಚೆಂಡು ಕಾಯುತ್ತಿದ್ದವನ ಕಣ್ಣಂಚಿಗೆ ಒಂದು ಹಸಿರು ಕಾಣಿಸಿತು. ನಾಲ್ಕು ವರ್ಷದ ಅಭ್ಯಾಸ. ಹಸಿರು ಅಂದರೆ ನಮ್ಮವನು. ಕಾಲು ತಾನಾಗಿಯೇ ಚೆಂಡನ್ನು ಅವನಿಗೆ ಕೊಟ್ಟುಬಿಟ್ಟಿತು. ಅವನು ಹೋಗಿ ಗೋಲು ಹೊಡೆದ. ಬಿಳಿಯವರು ಸೋತರು.

"ಅಕ್ಕ, ಎಲ್ಲರೂ ನಾನು ಪಂದ್ಯ ಮಾರಿಕೊಂಡೆ ಅಂತಿದ್ದಾರೆ. ಬಣ್ಣ ನೋಡಿ ಕೊಟ್ಟೆ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಏನೂ ಹೇಳಲಿಲ್ಲ. ಹಸಿರಿನವರು ನನಗೆ ಚಪ್ಪಾಳೆ ತಟ್ಟಿದರು. ಅದೇ ತಡೆಯೋಕಾಗಲಿಲ್ಲ" ಅಂತ ಬರೆದಿದ್ದ.

ಕಾಗದ ಬಂದು ಆರು ವರ್ಷವಾದ ಮೇಲೆ ಅದನ್ನು ಓದಿ ಅತ್ತೆ. ಅವನಿಗೆ ತಿಳಿಸಲಿಲ್ಲ. ಆರು ವರ್ಷದ ಹಿಂದಿನದಕ್ಕೆ ಈಗ ಸಮಾಧಾನ ಹೇಳುವುದು ಹೇಗೆ?

ಮಂಡಿ ಸವೆದು ಆಟ ನಿಂತ ಮೇಲೆ ತರಬೇತಿ ಕೊಡುವ ಕೆಲಸ ಹಿಡಿದ. ಅಲ್ಲೂ ಅದೇ ಹಣೆಬರಹ. ಯಾವ ತಂಡದಲ್ಲೂ ಮುಖ್ಯ ತರಬೇತುದಾರನಲ್ಲ, ಎರಡನೆಯವನು. ಮುಖ್ಯದವನನ್ನು ಕಿತ್ತು ಹಾಕಿದಾಗ ಅವನ ಜೊತೆ ಇವನೂ ಹೊರಗೆ. ಅಷ್ಟರಲ್ಲಿ ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು. ಹೆಂಡತಿ ನಮ್ಮ ಬೀದಿಯವಳೇ, ಹೊಲಿಗೆ ಕಲಿತವಳು. ಹೊಲಿಗೆ ಮೆಷಿನ್ನು ಬಿಚ್ಚಿ ಕಟ್ಟುವುದರಲ್ಲಿ ಅವಳಷ್ಟು ಚುರುಕಿನವರನ್ನು ನಾನು ನೋಡಿಲ್ಲ. ಮಗಳಿಗೆ ಹದಿನೈದು ತುಂಬುವುದರೊಳಗೆ ಏಳು ಶಾಲೆಯಾಗಿತ್ತು.

ನನಗೆ ಕೆಲಸದಿಂದ ನಿವೃತ್ತಿಯಾದ ವರ್ಷ ತಮ್ಮನ ಹೆಂಡತಿ ಫೋನ್ ಮಾಡಿದಳು.

"ಅತ್ತಿಗೆ, ಇಲ್ಲಿಯ ಮುಖ್ಯ ತರಬೇತುದಾರ ಜಗಳ ಮಾಡಿಕೊಂಡು ಬಿಟ್ಟು ಹೋದ. ಕೊನೆಯ ಮೂರು ಪಂದ್ಯಕ್ಕೆ ಇವರನ್ನೇ ನಿಲ್ಲಿಸಿದ್ದಾರೆ. ತಂಡ ಈ ದರ್ಜೆಯಲ್ಲಿ ಉಳಿದರೆ ಕೆಲಸ ಇವರಿಗೇ. ಕೆಳಗಿನ ದರ್ಜೆಗೆ ಇಳಿದರೆ ಮತ್ತೆ ಗಂಟುಮೂಟೆ."

"ಹುಡುಗಿ ಏನಂತಾಳೆ?"

"ಎಂಟನೇ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ನೀವು ಬಂದಿರಿ ಅತ್ತಿಗೆ. ಕೆಲಸ ಹೋದ್ರೆ ಅವಳನ್ನ ನಿಮ್ಮ ಜೊತೆ ಕರಕೊಂಡು ಹೋಗಿ. ಶಾಲೆ ಮುಗಿಯೋ ಎರಡು ವರ್ಷ ನಿಮ್ಮ ಹತ್ತಿರ ಇರಲಿ. ನಾವಿಬ್ಬರು ಎಲ್ಲಾದ್ರೂ ಇರ್ತೀವಿ."

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹಿಗ್ಗಾಯಿತು. ಮಗುವನ್ನು ಅಪ್ಪ ಅಮ್ಮನಿಂದ ಬಿಡಿಸುವ ಮಾತಿಗೆ ಹಿಗ್ಗಬಾರದು ಅಂತ ಗೊತ್ತು. ಆದರೂ ಆಯಿತು.

ಸುತ್ತಿ ಸುತ್ತಿ ಅವನು ಮತ್ತೆ ಆ ಹಸಿರು ಅಂಗಿಯವರ ದೇಶಕ್ಕೇ ಬಂದಿದ್ದ, ಊರು ಮಾತ್ರ ಬೇರೆ. ಅವರಿದ್ದದ್ದು ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯಿಂದ ನೋಡಿದರೆ ಟ್ರಾಮ್ ತಿರುಗುವ ಜಾಗ, ಅದರಾಚೆ ಮೈದಾನದ ದೀಪದ ಕಂಬ. ತಮ್ಮ ಬಾಗಿಲು ತೆಗೆದಾಗ ಗುರುತೇ ಸಿಗಲಿಲ್ಲ. ತಲೆ ನಡುವೆ ಬೋಳಾಗಿ, ನಡೆಯುವಾಗ ಬಲಗಾಲು ಸ್ವಲ್ಪ ತಡವಾಗಿ ಬರುತ್ತಿತ್ತು.

"ಏನಕ್ಕ, ವಿಮಾನದಲ್ಲಿ ಕಿಟಕಿ ಪಕ್ಕ ಕೂತ್ಯಾ?"

"ಕೂತೆ ಕಣೋ. ಮೋಡ ಬಿಟ್ರೆ ಏನಿಲ್ಲ. ಒಗೆಯೋಕೆ ನೆನೆಹಾಕಿದ ಹಾಗಿತ್ತು."

ಮಗಳು ಒಳಗಿನಿಂದ ಬಂದು ನನ್ನ ಕೈಚೀಲ ತೆಗೆದುಕೊಂಡಳು. ಎತ್ತರದ ಹುಡುಗಿ, ಅಪ್ಪನ ಹಣೆ. "ಅತ್ತೆ, ನಿಮ್ಮನ್ನ ಯಾಕೆ ಕರೆಸಿದ್ದಾರೆ ಅಂತ ನನಗೆ ಗೊತ್ತು" ಅಂದಳು. "ಸೋತ್ರೆ ನಾನು ನಿಮ್ಮ ಲಗೇಜು."

"ಮಾತು ನೋಡು ಇವಳದ್ದು" ಅಂತ ಅವಳಮ್ಮ ಗದರಿದಳು. ತಮ್ಮ ಷೂ ಹಗ್ಗ ಕಟ್ಟಿಕೊಳ್ಳುತ್ತ ಕೂತ.

ನಾನು ಹೋಗುವ ಹೊತ್ತಿಗೆ ಎರಡು ಪಂದ್ಯ ಮುಗಿದಿತ್ತು, ಒಂದು ಗೆದ್ದು ಒಂದು ಸೋತಿದ್ದರು. ಉಳಿದದ್ದು ಒಂದು. ಅದರಲ್ಲಿ ಸಮ ಮಾಡಿಕೊಂಡರೂ ತಂಡ ಉಳಿಯುತ್ತದೆ. ಎದುರಾಳಿ ಯಾರು ಅಂತ ಕೇಳಿದೆ.

"ಹಸಿರಿನವರು" ಅಂದ ತಮ್ಮ.

ನಾನು ಅವನ ಮುಖ ನೋಡಿದೆ, ಅವನು ನನ್ನದು ನೋಡಿದ. ಆ ಕಾಗದವನ್ನು ನಾನು ಓದಿದ್ದೇನೆ ಅಂತ ಅವನಿಗೆ ತಿಳಿದದ್ದು ಆಗಲೇ ಅನ್ನಿಸುತ್ತದೆ.

"ನನಗೇನೂ ಭಯ ಇಲ್ಲಕ್ಕ. ನಾನು ಗೆರೆಯ ಹೊರಗೆ ನಿಂತಿರ್ತೀನಿ. ಭಯ ಇರೋದು ಉದ್ದದವನ ಬಗ್ಗೆ."

ಉದ್ದದವನು ಅಂದರೆ ಅವರ ತಂಡದ ಎಡಗಡೆಯ ಆಟಗಾರ, ಇಪ್ಪತ್ತನಾಲ್ಕರವನು, ಬಾಗಿಲಿಗೆ ತಲೆ ಬಗ್ಗಿಸಿಯೇ ಬರುವಂಥವನು. ಅವನು ಆರು ವರ್ಷ ಹಸಿರಿನವರಲ್ಲಿ ಆಡಿ, ನಾಲ್ಕು ತಿಂಗಳ ಹಿಂದಷ್ಟೇ ಇಲ್ಲಿಗೆ ಬಂದಿದ್ದ. ಇಲ್ಲಿಯವರದ್ದು ಹಳದಿ ಅಂಗಿ. ಅವನಷ್ಟು ಚೆನ್ನಾಗಿ ಆಡುವವನು ಆ ಜಾಗಕ್ಕೆ ಇನ್ನೊಬ್ಬನಿಲ್ಲ.

"ಅವನನ್ನ ಕೂರಿಸಿಬಿಡೋ ಹಾಗಿಲ್ವಾ?"

"ಕೂರಿಸಿದ್ರೆ ಎಡಗಡೆ ಬಾಗಿಲು ತೆಗೆದಿಟ್ಟ ಹಾಗೆ. ಆಡಿಸಿದ್ರೆ ಅವನ ಕಣ್ಣು ಎಲ್ಲಿ ಮೋಸ ಮಾಡುತ್ತೋ. ಹುಷಾರು ಅಂತ ಹೇಳಿದ್ರೆ ಇನ್ನೂ ಗಾಬರಿ ಆಗ್ತಾನೆ. ಹೇಳಿ ಬಿಡಿಸೋ ಅಭ್ಯಾಸ ಅಲ್ಲಕ್ಕ ಅದು." ಮಂಡಿ ನೀವಿಕೊಂಡ. "ಕಣ್ಣಿಗೇ ಹೊಸದಾಗಿ ಕಲಿಸಬೇಕು. ಈ ವಾರ ಪೂರ್ತಿ ಅಭ್ಯಾಸದಲ್ಲಿ ಎದುರಿನ ತಂಡಕ್ಕೆ ಹಸಿರು ಹಾಕಿಸಬೇಕು. ಹಸಿರು ಕಂಡ ಕೂಡಲೇ ಕಾಲು ಆಚೆ ಎಳೀಬೇಕು."

"ಹಾಗಾದ್ರೆ ಹನ್ನೊಂದು ಹಸಿರು ಅಂಗಿ ತಗೊಂಡು ಬಾ."

ತಮ್ಮನ ಹೆಂಡತಿ ನಕ್ಕಳು. "ಅತ್ತಿಗೆ, ಈ ಊರಲ್ಲಿ ಹಸಿರು ಅಂಗಿ ಸಿಗೋದಾ? ಯಾವ ಅಂಗಡಿಯವನೂ ಇಡಲ್ಲ. ಆ ಊರಿನ ಮೇಲೆ ಅಷ್ಟು ಹಗೆ. ಇಲ್ಲಿ ಬಾಗಿಲಿಗೂ ಹಸಿರು ಬಳಿಯಲ್ಲ. ಬಂದ ಹೊಸದರಲ್ಲಿ ನಾನು ಹಸಿರು ಕೋಟು ಹಾಕಿಕೊಂಡು ಹೋಗಿದ್ದಕ್ಕೆ ತರಕಾರಿಯವಳು ನನ್ನ ಸರದಿ ಬಿಟ್ಟು ಹಿಂದಿನವರಿಗೆ ಕೊಟ್ಟಳು."

ಬಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಬಣ್ಣ ಸಿಗುತ್ತಲ್ಲ? ಬಿಳಿ ತಂದು ಅದ್ದಿದ್ರಾಯ್ತು" ಅಂದೆ.

ಮರುದಿನ ಬೆಳಿಗ್ಗೆ ಕ್ಲಬ್ಬಿನ ಬಟ್ಟೆ ಕೋಣೆಗೆ ಹೋದೆ. ಮೈದಾನದ ಮೆಟ್ಟಿಲುಗಳ ಕೆಳಗಿನ ತಗ್ಗು ಕೋಣೆ. ಎರಡು ದೊಡ್ಡ ಮೆಷಿನ್ನು, ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ, ಅದರ ಮೇಲೆ ಸಾಲಾಗಿ ಕಾಲುಚೀಲ. ಅಲ್ಲಿಯ ಒಗೆಯುವವಳು ನನ್ನ ವಯಸ್ಸಿನವಳೇ, ದಪ್ಪ ಕೈಯವಳು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ. ಆದರೆ ಅವಳು ನನ್ನ ಬೆರಳ ತುದಿ ನೋಡಿದಳು, ನಾನು ಅವಳದ್ದು ನೋಡಿದೆ. ಸೋಡಾ ತಿಂದ ಬೆರಳು ಎಲ್ಲ ದೇಶದಲ್ಲೂ ಒಂದೇ. ಕೂಡಲೇ ಸ್ಟೂಲ್ ಎಳೆದು ಕೂರಿಸಿದಳು.

ತಮ್ಮ ಹಳೆಯ ಆಟದ ಅಂಗಿಗಳನ್ನು ಒಂದು ರಾಶಿ ತಂದು ಹಾಕಿದ. ಮುಟ್ಟಿ ನೋಡಿ ಪಕ್ಕಕ್ಕೆ ತಳ್ಳಿದೆ. "ಈ ನುಣುಪು ಬಟ್ಟೆ ಬಣ್ಣ ಹಿಡಿಯಲ್ಲ ಕಣೋ. ಹತ್ತಿ ಬೇಕು. ಬನಿಯನ್ನು ತಾ." ಹನ್ನೊಂದು ಬಿಳಿ ಬನಿಯನ್ನು ಬಂತು. ಕಾಯಿಸಿದ ನೀರಿಗೆ ಬಣ್ಣ, ಒಂದು ಹಿಡಿ ಉಪ್ಪು. ನಾವಿಬ್ಬರೂ ಕೋಲು ಹಿಡಿದು ತಿರುಗಿಸಿದೆವು. ಒಣಗಿಸಿ ತೋರಿಸಿದರೆ ತಮ್ಮ ತಲೆ ಅಲ್ಲಾಡಿಸಿದ.

"ಇದು ಎಳೇ ಹುಲ್ಲಿನ ಹಸಿರಕ್ಕ. ಅವರದ್ದು ಬಾಟಲಿ ಹಸಿರು. ಕಣ್ಣಿಗೆ ಸುಳ್ಳು ಹೇಳಿದ್ರೆ ಗೊತ್ತಾಗಿಬಿಡುತ್ತೆ."

"ಗಿರಾಕಿ ಬಹಳ ಕಷ್ಟದವನು" ಅಂತ ನಾನು ಒಗೆಯುವವಳಿಗೆ ಕಣ್ಣು ಮಿಟುಕಿಸಿದೆ. ಅವಳಿಗೆ ಅದು ಮಾತ್ರ ಪೂರ್ತಿ ಅರ್ಥವಾಯಿತು. ಮತ್ತೆ ಅದ್ದಿದೆವು, ಈ ಸಲ ಒಂದು ಚಿಟಿಕೆ ಕಪ್ಪು ಸೇರಿಸಿ. ಆಗ ತಮ್ಮ ಒಂದು ಬನಿಯನ್ನು ಎತ್ತಿ ಹಿಡಿದು ತುಂಬ ಹೊತ್ತು ನೋಡಿದ. "ಇದೇ" ಅಂದ. ಆಮೇಲೆ ಮಡಿಸಿ ಇಟ್ಟು, ಬೇಗ ಹೊರಗೆ ಹೋದ.

ನಾಲ್ಕು ದಿನ ಅಭ್ಯಾಸ ನಡೆಯಿತು. ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ಮೊದಲ ದಿನ ಉದ್ದದವನು ಎರಡು ಸಲ ಹಸಿರಿಗೇ ಚೆಂಡು ಕೊಟ್ಟ. ಕೊಟ್ಟು ಕಣ್ಣು ಕಣ್ಣು ಬಿಟ್ಟ. ಯಾರೋ ಏನೋ ಕೂಗಿದರು. ತಮ್ಮ ಸೀಟಿ ಊದಿ ಆಟ ನಿಲ್ಲಿಸಿ, ಅವನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಅವನ ಕುತ್ತಿಗೆಗೆ ಕೈ ಹಾಕಿ ಏನೋ ಹೇಳಿದ. ಏನು ಹೇಳಿದೆ ಅಂತ ಆಮೇಲೆ ಕೇಳಿದೆ.

"ನಾನೂ ಕೊಟ್ಟಿದ್ದೆ ಅಂತ ಹೇಳಿದೆ. ನಾನು ಕೊಟ್ಟಿದ್ದು ಅಭ್ಯಾಸದಲ್ಲಲ್ಲ, ಪಂದ್ಯದಲ್ಲಿ ಅಂತ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಬಾಯಿ ಬಿಟ್ಟು ಹೇಳಿದ್ದಕ್ಕ."

"ಅವನೇನಂದ?"

"ನಂಬಿದ. ಇನ್ನೇನನ್ನಬೇಕು?"

ಎರಡನೆಯ ದಿನ ಸೆಕೆ ಜಾಸ್ತಿಯಾಗಿ ಬೆವರಿಗೆ ಬಣ್ಣ ಬಿಟ್ಟು ಹನ್ನೊಂದು ಜನರ ಹೆಗಲೂ ಹಸಿರಾಯಿತು. ಸ್ನಾನದ ಮನೆಯಿಂದ ಬಂದವರು ನನ್ನನ್ನು ಕಂಡು ಹೆಗಲು ತೋರಿಸಿ ಬೈದರೋ ನಕ್ಕರೋ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಆ ಹೊತ್ತಿಗೇ ಸರಿಯಾಗಿ ಕ್ಲಬ್ಬಿನ ಅಧ್ಯಕ್ಷ ಬಂದ. ಊರಿನಲ್ಲಿ ಅವನದ್ದು ಹಾಸಿಗೆ ಅಂಗಡಿ. ಮನುಷ್ಯನೂ ಹಾಸಿಗೆಯ ಹಾಗೇ ಇದ್ದ. ತನ್ನ ಮೈದಾನದಲ್ಲಿ ಹಸಿರು ಕಂಡು ಅವನ ಮುಖ ಕೆಂಪಾಯಿತು, ಕೈ ಬೀಸಿ ಬೀಸಿ ಕೂಗಾಡಿದ. ತಮ್ಮ ಕೈ ಕಟ್ಟಿಕೊಂಡು ಕೇಳಿಸಿಕೊಂಡ. ನನ್ನ ಪಕ್ಕ ಕೂತಿದ್ದ ತಮ್ಮನ ಮಗಳು ನನಗೆ ಬಿಡಿಸಿ ಹೇಳಿದಳು.

"'ಊರಿನವರು ನೋಡಿದರೆ ನನ್ನ ಅಂಗಡಿಗೆ ಬೆಂಕಿ ಇಡ್ತಾರೆ. ಈಗಲೇ ಬಿಚ್ಚಿಸು' ಅಂತಿದ್ದಾರೆ."

"ನಿಮ್ಮಪ್ಪ?"

"'ಪಂದ್ಯ ಮುಗಿಯೋವರೆಗೂ ತಂಡ ನನ್ನದು, ಆಮೇಲೆ ನನ್ನನ್ನೇ ಬಿಚ್ಚಿಸಿ' ಅಂದ್ರು." ಹುಡುಗಿ ಅಪ್ಪನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದಳು. "ಅಪ್ಪ ಯಾರಿಗೂ ಎದುರು ಮಾತಾಡಿದ್ದು ನಾನು ನೋಡೇ ಇಲ್ಲ ಅತ್ತೆ."

ಪಂದ್ಯದ ದಿನ ಮೈದಾನ ಕಿಕ್ಕಿರಿದಿತ್ತು. ನಾವು ಮೂವರು ಒಗೆಯುವವಳ ಜೊತೆ ಕೆಳಗಿನ ಸಾಲಿನಲ್ಲಿ ಕೂತೆವು. ಅರ್ಧ ಗಂಟೆಯೊಳಗೆ ಹಳದಿಯವರು ಒಂದು ಗೋಲು ಹೊಡೆದರು. ಒಗೆಯುವವಳು ನನ್ನನ್ನು ಅಪ್ಪಿ ಹಿಡಿದದ್ದಕ್ಕೆ ಎರಡು ದಿನ ಪಕ್ಕೆ ನೋವಿತ್ತು. ಆಮೇಲೆ ಹಸಿರಿನವರು ಮೇಲೆ ಬಿದ್ದರು. ಬಂದದ್ದೆಲ್ಲ ಉದ್ದದವನ ಕಡೆಯಿಂದಲೇ. ಅವನು ತಮ್ಮ ಹಳೆಯವನು ಅನ್ನುವ ಲೆಕ್ಕ ಅವರಿಗೂ ಗೊತ್ತಿತ್ತಲ್ಲ.

ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಆ ಗಳಿಗೆ ಬಂತು. ಇಬ್ಬರು ಉದ್ದದವನ ಮೈಮೇಲೆ ಬಂದರು. ಅವನು ತಲೆ ಬಗ್ಗಿಸಿ ಚೆಂಡಿಗೆ ಬೆನ್ನು ಅಡ್ಡ ಕೊಟ್ಟ. ಎಡಕ್ಕೆ ಐದು ಹೆಜ್ಜೆ ದೂರದಲ್ಲಿ ಒಬ್ಬ ಹಸಿರಿನವನು ಒಂಟಿಯಾಗಿ ನಿಂತು ಕೈ ಎತ್ತಿದ, ಹಳೆಯ ಗೆಳೆಯ ಕರೆದ ಹಾಗೆ. ಗೆರೆಯ ಹೊರಗೆ ತಮ್ಮ ಅಲ್ಲಾಡದೆ ನಿಂತಿದ್ದ. ಕೂಗಲಿಲ್ಲ. ಉದ್ದದವನ ಕಾಲು ಆ ಕಡೆಗೆ ಹೊರಟಿತು, ನಾನು ನೋಡಿದೆ, ಹೊರಟು ಅಲ್ಲೇ ತಡೆಯಿತು. ಮರುಗಳಿಗೆ ಚೆಂಡನ್ನು ಹಿಂದಕ್ಕೆ, ಗೋಲಿನ ಪಕ್ಕದ ಗೆರೆಯಾಚೆ, ಜನರ ಮಧ್ಯೆ ಒದ್ದುಬಿಟ್ಟ.

ಹಾಗೆ ಸ್ವಂತ ಗೆರೆ ದಾಟಿಸಿದರೆ ಎದುರಿನವರಿಗೆ ಮೂಲೆಯಿಂದ ಒದೆಯುವ ಅವಕಾಶ. ಒದ್ದರು. ಯಾರದ್ದೋ ತಲೆಗೆ ತಾಗಿ ಚೆಂಡು ಬಲೆಯೊಳಗೆ ಹೋಯಿತು. ಒಂದಕ್ಕೊಂದು ಸಮ. ಹುಡುಗಿ ನನ್ನ ತೊಡೆಯ ಮೇಲೆ ಮುಖ ಮುಚ್ಚಿಕೊಂಡಳು.

ಉಳಿದ ಹತ್ತು ನಿಮಿಷವನ್ನು ನಾನೂ ಸರಿಯಾಗಿ ನೋಡಲಿಲ್ಲ. ಒಗೆಯುವವಳ ಕೈ ಹಿಡಿದು ಅವಳ ಬೆರಳ ಗಂಟು ಎಣಿಸುತ್ತಿದ್ದೆ. ಸೀಟಿ ಊದಿದಾಗ ಅದೇ ಒಂದಕ್ಕೊಂದು. ತಂಡ ಉಳಿಯಿತು. ತಮ್ಮ ಯಾರ ಹತ್ತಿರವೂ ಹೋಗದೆ ಸೀದಾ ಉದ್ದದವನ ಹತ್ತಿರ ಕುಂಟಿಕೊಂಡು ಓಡಿದ. ಆ ಗೋಲು ತನ್ನಿಂದಾಯಿತು ಅಂತ ಅವನು ಹುಲ್ಲಿನ ಮೇಲೆ ಕೂತು ಅಳುತ್ತಿದ್ದನಂತೆ. "ಮೂಲೆ ಒದೆತ ಬಿಟ್ಟುಕೊಟ್ಟರೆ ಯಾರೂ ಕಳ್ಳ ಅನ್ನಲ್ಲ ಮಾರಾಯ, ಏಳು" ಅಂತ ಹೇಳಿ ಎಬ್ಬಿಸಿದನಂತೆ.

ಮಾರನೆಯ ದಿನ ಬೆಳಿಗ್ಗೆ ಅಧ್ಯಕ್ಷ ತಮ್ಮನನ್ನು ಹಾಸಿಗೆ ಅಂಗಡಿಗೇ ಕರೆಸಿದ. ಹಿಂದುಗಡೆಯ ಕೋಣೆಯಲ್ಲಿ ಅವನ ಕಚೇರಿ. ನಾವು ಮೂವರು ಮುಂದುಗಡೆ ಬೆಲೆಚೀಟಿ ಅಂಟಿಸಿದ ಮಂಚವೊಂದರ ಮೇಲೆ ಸಾಲಾಗಿ ಕೂತೆವು. ಬಾಗಿಲು ಅರ್ಧ ತೆರೆದಿತ್ತು. ಹುಡುಗಿ ಕಿವಿ ಕೊಟ್ಟು ಪಿಸುಗುಟ್ಟುತ್ತಿದ್ದಳು.

"ಒಂದು ವರ್ಷಕ್ಕೆ ಅಂತಿದ್ದಾರೆ."

ತಮ್ಮನ ಹೆಂಡತಿ ಉಸಿರು ಬಿಟ್ಟಳು. ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬರುವುದೇ ಅವನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು.

"'ಎರಡು' ಅಂದ್ರು ಅಪ್ಪ." ಹುಡುಗಿ ನನ್ನ ಮಣಿಕಟ್ಟು ಹಿಡಿದಳು. "'ಮಗಳ ಶಾಲೆ ಎರಡು ವರ್ಷ ಇದೆ' ಅಂದ್ರು."

ಒಳಗೆ ಅಧ್ಯಕ್ಷ ದೊಡ್ಡದಾಗಿ ನಗುವುದು ಕೇಳಿಸಿತು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿನ್ನ ಮಗಳ ಶಾಲೆಗೂ ನನ್ನ ತಂಡಕ್ಕೂ ಏನಯ್ಯಾ ಸಂಬಂಧ ಅನ್ನುವ ನಗು. ತಮ್ಮ ಮತ್ತೆ ಅದೇ ಮಾತು ಹೇಳಿದ, ದನಿ ಏರಿಸದೆ. ಎದುರಿನವನಿಗೆ ದಾರಿ ಕೊಡದೆ ಬೇಸರ ಹಿಡಿಸುವುದರಲ್ಲಿ ಪಳಗಿದವನಲ್ಲವೇ. ನಾಲ್ಕನೆಯ ಸಲಕ್ಕೆ ನಗು ನಿಂತಿತು. ಕಾಗದ ಸರಿಸುವ ಸದ್ದು, ಪೆನ್ನಿನ ಕ್ಯಾಪ್ ತೆಗೆಯುವ ಸದ್ದು.

ಹೊರಗೆ ಬಂದವನು ಎರಡು ಬೆರಳು ತೋರಿಸಿದ. ಹೆಂಡತಿ ಮಂಚದ ಮೇಲೆ ಹಾಗೇ ಹಿಂದಕ್ಕೆ ಒರಗಿಬಿಟ್ಟಳು.

"ಮಧ್ಯದಲ್ಲಿ ಓಡಿಸಿಬಿಟ್ರೆ?" ಅಂದಳು ಮಗಳು. ಅವಳು ಸುಲಭಕ್ಕೆ ನಂಬುವವಳಲ್ಲ.

"ಓಡಿಸಿದ್ರೂ ಊರು ಬಿಡಲ್ಲ. ಇಲ್ಲೇ ಹಾಸಿಗೆ ಹೊರೋ ಕೆಲಸ ಕೇಳ್ತೀನಿ."

"ನಿಮ್ಮ ಮಂಡಿಗೆ ದಿಂಬು ಹೊರೋಕೂ ಆಗಲ್ಲ" ಅಂದವಳು ಹೋಗಿ ಅವನ ತೋಳಿಗೆ ಜೋತುಬಿದ್ದಳು.

ಮನೆಗೆ ಬಂದು ನಾನು ಬಟ್ಟೆ ಜೋಡಿಸಿಕೊಳ್ಳುತ್ತಿದ್ದೆ. ಒಂಟಿ ಪ್ರಯಾಣಕ್ಕೆ ಎಷ್ಟು ಬಟ್ಟೆ? ಹುಡುಗಿ ಬಂದು ಎದುರು ಕೂತಳು.

"ಅತ್ತೆ, ನಾನು ಬರಲ್ಲ ಅಂತ ನಿಮಗೆ ಬೇಜಾರಾಯ್ತಾ?"

"ಆಯ್ತು ಕಣೇ" ಅಂದೆ. ಹದಿನೈದು ವರ್ಷದವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವಿಲ್ಲ.

ಅವಳು ನನ್ನ ಸೀರೆಯ ಇನ್ನೊಂದು ತುದಿ ಹಿಡಿದು ಮಡಿಸಲು ಕೈಜೋಡಿಸಿದಳು. "ರಜೆಗೆ ಬರ್ತೀನಿ. ಹದಿನೈದು ದಿನ."

"ಒಂದು ತಿಂಗಳು."

"ಇಪ್ಪತ್ತು."

"ಒಂದು ತಿಂಗಳು" ಅಂದೆ, ದನಿ ಏರಿಸದೆ.

"ಅಪ್ಪಾ, ಇವರಿಗೆ ನೀವು ಹೇಳಿಕೊಟ್ರಾ?" ಅಂತ ಅವಳು ಕೂಗಿದಳು.

"ನಾನೇ ಅವಳ ಹತ್ತಿರ ಕಲಿತದ್ದು" ಅಂದ ತಮ್ಮ ಅಡುಗೆಮನೆಯಿಂದ.

ಇಪ್ಪತ್ತೈದು ದಿನಕ್ಕೆ ಒಪ್ಪಂದವಾಯಿತು.